ಮೂವತ್ತು ಷೇರು ಸಾಕು: ಆಕ್ಷೇಪಗಳಿಗೆ ಪ್ರತ್ಯುತ್ತರ

ಆಯ್ದ ಮೂವತ್ತು ಷೇರುಗಳ ವಾಚ್‌ಲಿಸ್ಟ್ ಮಾಡಿಕೊಳ್ಳಿ, ದಿನದ ವಹಿವಾಟು ಮುಗಿದ ಮೇಲೆ ಅವುಗಳಲ್ಲಿ ಮಾತ್ರ ಟೆಕ್ನಿಕಲ್ ಸಿಗ್ನಲ್ ಹುಡುಕಿ ಎಂಬುದು ಸಣ್ಣ ಹೂಡಿಕೆದಾರರಿಗೆ ನನ್ನ ಸಲಹೆ. ಇದನ್ನು ವಿರೋಧಿಸುವವರು ಐದು ಮಾತು ಹೇಳುತ್ತಾರೆ. ಪಣಕ್ಕಿರುವುದು ಸಂಬಳದಲ್ಲಿ ಉಳಿಸಿದ ದುಡ್ಡಾದ್ದರಿಂದ ಐದಕ್ಕೂ ಉತ್ತರ ಕೊಡಬೇಕಿದೆ.

1. "ಸ್ಕ್ರೀನರ್ ಇಡೀ ಮಾರುಕಟ್ಟೆಯನ್ನು ಕ್ಷಣದಲ್ಲಿ ಜಾಲಾಡುವಾಗ ಮೂವತ್ತೇ ಏಕೆ?"

ಜಾಲಾಡುವುದು ಯಂತ್ರದ ಕೆಲಸ, ಸಿಕ್ಕಿದ್ದನ್ನು ತೂಗಿ ನೋಡುವುದು ನಮ್ಮದು. ಒಂದು ಸಿಗ್ನಲ್ ನೂರಕ್ಕೆ ಐದು ಷೇರುಗಳಲ್ಲಿ ಆಕಸ್ಮಿಕವಾಗಿಯೇ ಮೂಡುತ್ತದೆ ಎಂದುಕೊಳ್ಳಿ. 2,000 ಷೇರುಗಳಲ್ಲಿ ಹುಡುಕಿದರೆ ಒಂದೇ ಸಂಜೆ ನೂರು ಹುಸಿ ಸುಳಿವು. ಮೂವತ್ತರಲ್ಲಾದರೆ ಒಂದೋ ಎರಡೋ. ಹುಸಿಯ ಪ್ರಮಾಣ ಎರಡೂ ಕಡೆ ಒಂದೇ, ಒಪ್ಪೋಣ. ಆದರೆ ಒಂದೆರಡನ್ನು ಕೂತು ಪರಿಶೀಲಿಸಬಹುದು. ನೂರು ಎದುರಿಗಿದ್ದರೆ ಕಣ್ಣಿಗೆ ಹೊಡೆದದ್ದನ್ನು ಕೊಂಡುಬಿಡುತ್ತೇವೆ. ಹುಸಿ ಸುಳಿವಿಗೆ ಒಂದು ಉದಾಹರಣೆ: 2024ರ ಮೇನಲ್ಲಿ ಕೆನರಾ ಬ್ಯಾಂಕಿನ ₹10 ಮುಖಬೆಲೆಯ ಷೇರು ₹2ರ ಐದು ಷೇರುಗಳಾಗಿ ವಿಭಜನೆಯಾಯಿತು. ಹಳೆಯ ಬೆಲೆಗಳನ್ನು ಸರಿಹೊಂದಿಸದ ಚಾರ್ಟಿನಲ್ಲಿ ಇದು ಶೇ 80ರ ಕುಸಿತವಾಗಿ ಕಾಣುತ್ತದೆ. ಆ ಷೇರನ್ನು ಬಿಡದೆ ಗಮನಿಸುತ್ತಿದ್ದವರು ಇಂಥ ಚಿತ್ರಕ್ಕೆ ಬೆಚ್ಚುವುದಿಲ್ಲ.

2. "ಟೆಕ್ನಿಕಲ್ ಸಿಗ್ನಲ್ ಎಂದರೆ ಜ್ಯೋತಿಷ್ಯ."

ಐದರಲ್ಲಿ ಹೆಚ್ಚು ತೂಕವಿರುವ ಆಕ್ಷೇಪ ಇದೇ. ಚಲಿಸುವ ಸರಾಸರಿಯಂಥ ಸರಳ ನಿಯಮಗಳಿಗೆ ಮುನ್ಸೂಚನೆಯ ಶಕ್ತಿಯಿತ್ತು ಎಂದು ಬ್ರಾಕ್, ಲಾಕೊನಿಶಾಕ್, ಲೆಬರಾನ್ 1992ರಲ್ಲಿ ಡೌ ಜೋನ್ಸ್ ಸೂಚ್ಯಂಕದ ಸುಮಾರು 90 ವರ್ಷಗಳ ದಾಖಲೆಯಿಂದ ತೋರಿಸಿದರು. 1999ರಲ್ಲಿ ಸಲಿವನ್, ಟಿಮರ್‌ಮನ್, ವೈಟ್ 8,000ದಷ್ಟು ನಿಯಮಗಳನ್ನು ಪರೀಕ್ಷಿಸಿದರು. ಹಿಂದೆ ಅತ್ಯುತ್ತಮವಾಗಿದ್ದ ನಿಯಮ ಮುಂದಿನ ಹತ್ತು ವರ್ಷಗಳಲ್ಲಿ ಕೈಕೊಟ್ಟಿತ್ತು. ನಿನ್ನೆ ಗೆದ್ದ ನಿಯಮ ನಾಳೆಯೂ ಗೆಲ್ಲಬೇಕೆಂದಿಲ್ಲ. ಹಾಗಾಗಿಯೇ ಸಿಗ್ನಲ್ ಕಂಡೊಡನೆ ಕೊಳ್ಳಿ ಎಂದು ನಾನು ಎಂದೂ ಹೇಳಿಲ್ಲ. ಇಂದು ಯಾವ ಷೇರನ್ನು ಹತ್ತಿರದಿಂದ ನೋಡಬೇಕು ಎಂಬುದನ್ನಷ್ಟೇ ಅದು ತಿಳಿಸುತ್ತದೆ. ವೈಲ್ಡರ್ 1978ರಲ್ಲಿ ಪರಿಚಯಿಸಿದ, ಬೆಲೆಯ ಏರಿಳಿತದ ಬಲ ಅಳೆಯುವ ಆರ್‌ಎಸ್‌ಐ ಸೂಚಕ 70 ದಾಟಿದರೆ ಷೇರು ವಿಪರೀತ ಏರಿದೆ ಎನ್ನುತ್ತಾರೆ. ಏರಿಕೆ ಬಲವಾಗಿದ್ದರೆ ಅದು ವಾರಗಟ್ಟಲೆ ಅಲ್ಲೇ ನಿಲ್ಲುವುದೂ ಉಂಟು. ಯಾವ ಷೇರಿನ ನಡೆ ಎಂಥದು ಎಂಬುದು ದಿನವೂ ನೋಡಿದವರಿಗೆ ತಿಳಿಯುತ್ತದೆ.

3. "ಹತ್ತು ಪಟ್ಟು ಏರುವ ಸಣ್ಣ ಷೇರು ಕೈತಪ್ಪುತ್ತದೆ."

ತಪ್ಪಲಿ. ವಹಿವಾಟು ತೆಳುವಾಗಿರುವ ಇಂಥ ಷೇರು ದಿನದ ಇಳಿಕೆಯ ಮಿತಿಯಾದ ಲೋವರ್ ಸರ್ಕ್ಯೂಟ್‌ಗೆ ಬಿದ್ದ ದಿನ ಕೊಳ್ಳುವವರೇ ಇರುವುದಿಲ್ಲ. ಸ್ಟಾಪ್‌ಲಾಸ್ ಹಾಕಿಟ್ಟರೂ ಅದು ಕಾಗದದ ಮೇಲಷ್ಟೇ ಉಳಿಯುತ್ತದೆ. ಹೊರಬರುವ ದಾರಿಯಿಲ್ಲದ ಕಡೆ ಒಳಹೋಗುವ ಸಿಗ್ನಲ್ ಯಾತಕ್ಕೆ?

4. "ಮೆಚ್ಚಿದ ಹೆಸರುಗಳನ್ನೇ ಪಟ್ಟಿಗೆ ಸೇರಿಸುತ್ತೀರಿ."

ಅಪಾಯ ನಿಜ. 2009ರ ಜನವರಿಯಲ್ಲಿ ಲೆಕ್ಕಪತ್ರ ಹಗರಣ ಸ್ಫೋಟಿಸುವವರೆಗೂ ಸತ್ಯಂ ಕಂಪನಿ ನಿಫ್ಟಿಯಲ್ಲೇ ಇತ್ತು. ಆದ್ದರಿಂದ ಸೇರಿಸಲು, ತೆಗೆಯಲು ಲಿಖಿತ ನಿಯಮ ಬೇಕು: ಇಷ್ಟು ವಹಿವಾಟು, ಇಷ್ಟು ಸಾಲದ ಮಿತಿ, ಬೇರೆ ಬೇರೆ ಉದ್ಯಮಗಳು. ನಿಫ್ಟಿಯೇ ಆರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗುವಾಗ ನಮ್ಮ ಪಟ್ಟಿ ಶಾಶ್ವತವಾಗಿರಬೇಕಿಲ್ಲ.

5. "ಪಟ್ಟಿ ಎದುರಿಗಿದ್ದರೆ ಕೈ ಸುಮ್ಮನಿರದು."

ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿ. 2022-23ರಲ್ಲಿ ನಗದು ವಿಭಾಗದಲ್ಲಿ ಇಂಟ್ರಾಡೇ ವಹಿವಾಟು ನಡೆಸಿದ ವ್ಯಕ್ತಿಗಳಲ್ಲಿ ಹತ್ತಕ್ಕೆ ಏಳು ಮಂದಿ ನಷ್ಟ ಅನುಭವಿಸಿದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ವಹಿವಾಟು ನಡೆಸಿದವರಲ್ಲಿ ನಷ್ಟ ಕಂಡವರು ಶೇ 80. ಕೈ ಹೆಚ್ಚು ಆಡಿದಷ್ಟೂ ನಷ್ಟಕ್ಕೆ ಸಿಕ್ಕವರು ಹೆಚ್ಚು. ಸಂಜೆ ಒಮ್ಮೆ ನೋಡುವ, ಷರತ್ತು ಕೂಡಿಬರದ ದಿನ ಏನನ್ನೂ ಕೊಳ್ಳದ ಪಟ್ಟಿ ಕೈಯನ್ನು ಕಟ್ಟಿಹಾಕುತ್ತದೆ.

ವಾಚ್‌ಲಿಸ್ಟ್ ಲಾಭಕ್ಕೆ ಖಾತರಿ ಕೊಡದು. ದಿನವೂ ಎದುರಾಗುವ ನೂರು ಪ್ರಲೋಭನೆಗಳಲ್ಲಿ ತೊಂಬತ್ತೆಂಟಕ್ಕೆ ಬೇಡ ಎನ್ನಲು ಅದು ಕಾರಣ ಒದಗಿಸುತ್ತದೆ. ಅದನ್ನು ಬಿಟ್ಟುಬಿಡಿ ಎನ್ನುವವರು, ಬೇಡ ಎನ್ನುವ ಬೇರೆ ದಾರಿಯನ್ನು ಸಣ್ಣ ಹೂಡಿಕೆದಾರರಿಗೆ ಮೊದಲು ತೋರಿಸಲಿ.