ತಿಕ್ಕಿ ನೋಡಿ ಸ್ವಾಮಿ, ಆಮೇಲೆ ಬಣ್ಣ ಹೊಡೆಸಿ

ಹಳೇ ಕಾರು ಕೊಂಡ ಮೊದಲ ತಿಂಗಳಲ್ಲೇ ಅದಕ್ಕೆ ಹೊಸ ಬಣ್ಣ ಹೊಡೆಸುವವರು ಆ ಕಾರನ್ನು ಉಳಿಸುತ್ತಿಲ್ಲ, ಅಳಿಸುತ್ತಿದ್ದಾರೆ. ಇದು ನನ್ನ ವಾದ. ಸಿಟ್ಟು ಬರುವವರಿಗೆ ಬರಲಿ. ಅವರಲ್ಲಿ ಅರ್ಧ ಜನ ನನ್ನ ಆಫೀಸಿನವರೇ, ಸೋಮವಾರ ಕ್ಯಾಂಟೀನಿನಲ್ಲಿ ಸಿಕ್ಕೇ ಸಿಗ್ತಾರೆ.

ನಮ್ಮಂಥ ಸಾಫ್ಟ್‌ವೇರ್ ಜನಕ್ಕೆ ಈಗ ಹಳೇ ಕಾರಿನ ಗೀಳು ಹತ್ತಿದೆ. ಊರಿನ ಅಡಿಕೆ ಕೊಟ್ಟಿಗೆಯಲ್ಲಿ ನಿಂತಿದ್ದ ಪದ್ಮಿನಿ, ಯಾವುದೋ ತಾಲೂಕಿನ ಡಾಕ್ಟರು ಓಡಿಸುತ್ತಿದ್ದ ಅಂಬಾಸಿಡರ್, ಇವನ್ನೆಲ್ಲ ಹುಡುಕಿ ತರ್ತಾರೆ. ಗೀಳು ಒಳ್ಳೇದೇ, ನನಗೂ ಇದೆ. ನನ್ನ ತಕರಾರು ಅದರ ಮುಂದಿನ ಹೆಜ್ಜೆಯ ಬಗ್ಗೆ. ಕಾರು ಬಂದ ಮರುವಾರವೇ 'ಫುಲ್ ರೆಸ್ಟೊರೇಶನ್' ಅಂತ ಗ್ಯಾರೇಜಿಗೆ ಹೋಗುತ್ತೆ. ತಗಡು ಕಾಣುವ ತನಕ ಉಜ್ಜಿ, ಪುಟ್ಟಿ ಮೆತ್ತಿ, ಹೊಸ ಬಣ್ಣ ಹೊಡೀತಾರೆ. ಬಣ್ಣವಾದರೂ ಯಾವುದು? ಆ ಕಾರಿಗೆ ಕಾರ್ಖಾನೆಯಲ್ಲಿ ಯಾವತ್ತೂ ಇಲ್ಲದ ಮ್ಯಾಟ್ ಗ್ರೇ. ಬಾಗಿಲು ತೆಗೆದರೆ ಚೌಕಟ್ಟಿನ ಒಳಗೆ ಹಳೇ ನೀಲಿ, ಹೊರಗೆ ಹೊಸ ಬೂದಿ. ಕಿಟಕಿಯ ರಬ್ಬರ್ ಬೀಡಿಂಗ್ ಬಿಚ್ಚುವ ವ್ಯವಧಾನ ಯಾರಿಗೂ ಇರಲ್ಲ, ಅದರ ಮೇಲೂ ಎರಡು ಹನಿ ಬಣ್ಣ. ಇದಕ್ಕೆ ಕೊಡೋದು ಲಕ್ಷಗಟ್ಟಲೆ ದುಡ್ಡು, ಆಮೇಲೆ ಇನ್‌ಸ್ಟಾಗ್ರಾಮಿನಲ್ಲಿ 'ಜೀವ ಕೊಟ್ಟೆ' ಅಂತ ಒಂದು ರೀಲು. ಜೀವ ಇತ್ತು ಮಾರಾಯ್ರೆ. ನೀವು ನಾಡಿ ನೋಡಲಿಲ್ಲ, ಅಷ್ಟೇ.

ನಾಡಿ ನೋಡೋದು ಹೇಗೆ ಅಂತ ಹೇಳ್ತೀನಿ. ಅದಕ್ಕೆ ಮುಂಚೆ ಬಣ್ಣ ಮಾಸೋದು ಅಂದ್ರೆ ಏನು ಅಂತ ಗೊತ್ತಿರಬೇಕು.

ನಮ್ಮ ಊರುಗಳಲ್ಲಿ ಇವತ್ತಿಗೂ 'ಡ್ಯೂಕೋ ಪೇಂಟ್' ಅಂತಾರಲ್ಲ, ಅದು 1923ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಕಾರಿನ ಬಣ್ಣದ ಹೆಸರು. ಅಲ್ಲಿಯವರೆಗೆ ಒಂದು ಕಾರಿನ ಬಣ್ಣ ಪೂರ್ತಿ ಒಣಗಲು ವಾರಗಳೇ ಬೇಕಿದ್ದವು, ಇದು ಗಂಟೆಗಳಲ್ಲಿ ಒಣಗುತ್ತಿತ್ತು. ಹೆಸರು ಮಾತ್ರ ನಮ್ಮಲ್ಲಿ ಎಲ್ಲ ಬಗೆಯ ಬಣ್ಣಕ್ಕೂ ಅಂಟಿಕೊಂಡಿತು. ಈಗಿನ ಕಾರುಗಳಲ್ಲಿ ಬಣ್ಣದ ಪದರದ ಮೇಲೆ ಕ್ಲಿಯರ್‌ಕೋಟ್ ಅನ್ನೋ ಪಾರದರ್ಶಕ ಪದರ ಇರುತ್ತೆ. ಹಳೇ ಪದ್ಮಿನಿ, ಅಂಬಾಸಿಡರ್‌ಗಳ ಮಾಮೂಲಿ ಸಾಲಿಡ್ ಬಣ್ಣಗಳಲ್ಲಿ ಅದಿಲ್ಲ. ಬಣ್ಣವೂ ಅದೇ, ಹೊಳಪೂ ಅದೇ, ಎಲ್ಲ ಒಂದೇ ಪದರ.

ಆ ಪದರದಲ್ಲಿ ಮುಖ್ಯವಾಗಿ ಎರಡು ವಸ್ತು. ಒಂದು ಬಣ್ಣದ ಪುಡಿ, ಇನ್ನೊಂದು ಆ ಪುಡಿಯನ್ನು ಹಿಡಿದಿಟ್ಟಿರುವ ರಾಳ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೇಲ್ಭಾಗದ ರಾಳವನ್ನು ವರ್ಷಗಟ್ಟಲೆ ತಿಂದು ಹಾಕುತ್ತವೆ. ಹಿಡಿದಿಟ್ಟ ಕೈ ಸಡಿಲವಾದಾಗ ಪುಡಿ ಬಿಡಿಬಿಡಿಯಾಗಿ ಮೇಲೆ ಉಳಿಯುತ್ತೆ. ನೀವು ಬಾನೆಟ್ ಮೇಲೆ ಬೆರಳು ಎಳೆದಾಗ ಸೀಮೆಸುಣ್ಣದ ಥರ ಬರೋದು ಅದೇ. ಒರಟಾದ ಆ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತೆ, ಅದಕ್ಕೇ ಕಡುನೀಲಿ ಕೂಡ ಬೂದಿ ಬಳಿದ ಹಾಗೆ ಕಾಣುತ್ತೆ. ಆದರೆ ಸತ್ತಿರೋದು ಮೇಲಿನ ತೆಳು ಪೊರೆ ಮಾತ್ರ. ಅದರ ಕೆಳಗೆ ಕಾರ್ಖಾನೆಯ ದಿನದ ಬಣ್ಣ ಹಾಗೇ ಕೂತಿದೆ. ಹಿತ್ತಾಳೆ ದೀಪ ಕಪ್ಪಾಯಿತು ಅಂತ ಯಾರೂ ಗುಜರಿಗೆ ಹಾಕಲ್ಲ, ಹುಣಸೆಹಣ್ಣು ಹಾಕಿ ತಿಕ್ತಾರೆ. ತಾಮ್ರದ ಹಂಡೆಯ ಕಲಾಯಿ ಹೋದರೆ ಹಂಡೆ ಬಿಸಾಕಲ್ಲ, ಮತ್ತೆ ಕಲಾಯಿ ಹಾಕಿಸ್ತಾರೆ. ಇಷ್ಟು ಬುದ್ಧಿ ನಮ್ಮ ಅಜ್ಜಿಯಂದಿರಿಗೆ ಇತ್ತು.

ನಾಡಿ ನೋಡೋಕೆ ಬೇಕಾಗಿರೋದು ಒಂದು ಬಿಳಿ ಬಟ್ಟೆ, ಒಂದು ಚಮಚ ನಯವಾದ ಪಾಲಿಶ್. ಕಣ್ಣಿಗೆ ಬೀಳದ ಮೂಲೆಯಲ್ಲಿ ತಿಕ್ಕಿ. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅದು ಒಂದೇ ಪದರದ ಬಣ್ಣ, ಅದನ್ನು ಎಬ್ಬಿಸಬಹುದು. ಬಣ್ಣ ಹತ್ತದೆ ಬರೀ ಕೊಳೆ ಬಂದರೆ ಮೇಲೆ ಕ್ಲಿಯರ್‌ಕೋಟ್ ಇದೆ ಅಂತ ಅರ್ಥ, ಅದರ ದಾರಿ ಬೇರೆ.

ಎಬ್ಬಿಸುವ ಕೆಲಸವೂ ರಹಸ್ಯವೇನಲ್ಲ. ದೊಡ್ಡಪ್ಪನ ಕಡುನೀಲಿ ಪದ್ಮಿನಿಗೆ ನಾನೇ ಮಾಡಿದ್ದೀನಿ, ಆದ್ದರಿಂದ ಧೈರ್ಯವಾಗಿ ಹೇಳ್ತೀನಿ. ಕಾರನ್ನು ನೆರಳಲ್ಲಿ ನಿಲ್ಲಿಸಿ ಚೆನ್ನಾಗಿ ತೊಳೀಬೇಕು. ಕೈಗೆ ತರಿತರಿಯಾಗಿ ತಾಗುವ ಕೊಳೆಯನ್ನು ಕ್ಲೇ ಬಾರ್‌ನಿಂದ, ನೀರು ಚಿಮುಕಿಸುತ್ತಾ ಹಗುರವಾಗಿ ಎತ್ತಬೇಕು. ಇಲ್ಲಿ ಎಲ್ಲರೂ ಅವಸರ ಮಾಡಿ ಕಾಂಪೌಂಡ್ ಹಚ್ಚಿ ಮೆಷಿನ್ ಓಡಿಸ್ತಾರೆ. ಬೇಡ. ಒಣಗಿದ ಬಣ್ಣಕ್ಕೆ ಮೊದಲು ಎಣ್ಣೆ ಕುಡಿಸಬೇಕು. ಉಜ್ಜುವ ಕಣಗಳಿಲ್ಲದ, ಎಣ್ಣೆ ಅಂಶ ಹೆಚ್ಚಿರುವ ಗ್ಲೇಜ್ ಅಂತ ಸಿಗುತ್ತೆ. ಮೆಗ್ವಾಯರ್ಸ್ ಕಂಪನಿಯ 'ನಂಬರ್ 7' ಇದಕ್ಕೆ ಹೆಸರಾದ ಹಳೇ ಸರಕು. ಅದನ್ನು ಟವೆಲ್ ಬಟ್ಟೆಯಲ್ಲಿ ಧಾರಾಳವಾಗಿ ತಿಕ್ಕಿ, ದಪ್ಪಗೆ ಬಿಟ್ಟು ರಾತ್ರಿ ಮಲಗಿ. ಬೆಳಿಗ್ಗೆಗೆ ಬೂದಿ ಹೋಗಿ ನೀಲಿ ಮೇಲೆದ್ದಿರುತ್ತೆ. ಬಿರುಕು ಬಿಟ್ಟ ಚರ್ಮದ ಚಪ್ಪಲಿಗೆ ಎಣ್ಣೆ ಸವರಿದಾಗ ಆಗುತ್ತಲ್ಲ, ಹಾಗೆ. ಒರೆಸಿ, ಬೇಕಿದ್ದರೆ ಇನ್ನೊಂದು ಸಲ ಕುಡಿಸಿ. ಆಮೇಲೆ ನಯವಾದ ಪಾಲಿಶ್‌ನಿಂದ ಎರಡು ಅಡಿಗೆ ಎರಡು ಅಡಿ ಜಾಗ ಹಿಡಿದು ಕೈಯಲ್ಲೇ ತಿಕ್ಕಿ, ಕೊನೆಗೆ ವ್ಯಾಕ್ಸ್. ನಮ್ಮ ಊರಿನ ಡ್ರೈವರುಗಳು ಹಿಂದೆ ಸೀಮೆಎಣ್ಣೆ ಬಟ್ಟೆಯಲ್ಲಿ ಕಾರು ಒರೆಸುತ್ತಿದ್ದದ್ದೂ ಇದೇ ಹೊಳಪಿನ ಆಸೆಗೆ. ಆ ಹೊಳಪು ಸಂಜೆಗೆ ಇಳಿಯುತ್ತಿತ್ತು, ಧೂಳನ್ನೂ ಕರೆಯುತ್ತಿತ್ತು. ವ್ಯಾಕ್ಸ್ ಹಾಕಿದರೆ ಮೂರ್ನಾಲ್ಕು ತಿಂಗಳು ಚಿಂತೆ ಇಲ್ಲ. ನನಗೆ ಹಿಡಿದದ್ದು ಎರಡು ವಾರಾಂತ್ಯ, ಕೆಲವು ಸಾವಿರ ರೂಪಾಯಿ ಮತ್ತು ಒಂದು ರಟ್ಟೆ ನೋವು.

ಮೆಷಿನ್ ಯಾಕೆ ಬೇಡ ಅಂದೆ? ಲೆಕ್ಕ ನೋಡಿ. ಕಾರ್ಖಾನೆಯ ಬಣ್ಣ, ಪ್ರೈಮರ್ ಎಲ್ಲ ಸೇರಿ ಸಾಮಾನ್ಯವಾಗಿ ಸುಮಾರು 100ರಿಂದ 150 ಮೈಕ್ರಾನ್ ದಪ್ಪ. ಎರಡು ತಲೆಕೂದಲಿನಷ್ಟು. ಅದರಲ್ಲಿ ಬಣ್ಣ ಅನ್ನೋದು ಒಂದು ಪಾಲು ಮಾತ್ರ. ಅಂಚುಗಳಲ್ಲಿ, ಬಾಡಿಯ ಏಣುಗಳಲ್ಲಿ ಇನ್ನೂ ತೆಳು. ಅನುಭವ ಇಲ್ಲದವನ ಕೈಯಲ್ಲಿ ಸುತ್ತುವ ಮೆಷಿನ್ ಏಣಿನ ಮೇಲೆ ಒಂದು ಗಳಿಗೆ ಹೆಚ್ಚು ನಿಂತರೆ ಪ್ರೈಮರ್ ಹಲ್ಲು ಕಿರಿಯುತ್ತೆ. ಇದು ಬ್ಯಾಂಕಿನ ಎಫ್‌ಡಿ ಥರ, ಆದರೆ ಬಡ್ಡಿ ಬರಲ್ಲ. ತೆಗೆದಷ್ಟೂ ಖಾಲಿ. ಅದಕ್ಕೇ ಎಷ್ಟು ಕಡಿಮೆ ತೆಗೆಯಬಹುದೋ ಅಷ್ಟು ಕಡಿಮೆ.

ಈಗ ಎದುರುವಾದಗಳಿಗೆ ಬರೋಣ.

'ಫಳಫಳ ಹೊಳೆಯೋದೇ ಹಳೇ ಕಾರಿಗೆ ಕೊಡುವ ಗೌರವ' ಅಂತಾರೆ. ನನ್ನ ಸಹೋದ್ಯೋಗಿಯೊಬ್ಬ ತಂದ ಪದ್ಮಿನಿಯ ಬಾನೆಟ್ ಮೇಲೆ ರೂಪಾಯಿ ಅಗಲದ ಒಂದು ಕೆಂಪು ಕಲೆ ಇತ್ತು. ಮೊದಲು ಅವನಿಗೆ ಅದೇನು ಅಂತ ಅರ್ಥ ಆಗಲಿಲ್ಲ. ಆಯುಧಪೂಜೆಗೆ ವರ್ಷವರ್ಷ ಒಂದೇ ಜಾಗದಲ್ಲಿ ಯಾರೋ ಇಟ್ಟ ಕುಂಕುಮ ಅದು. ಎಷ್ಟೋ ವರ್ಷ ಇಟ್ಟು ಇಟ್ಟು ಬಣ್ಣದ ಒಳಕ್ಕೇ ಇಳಿದಿತ್ತು. ಗ್ಯಾರೇಜಿನವರು ಅದನ್ನು 'ಡ್ಯಾಮೇಜ್' ಅಂತ ಪಟ್ಟಿಯಲ್ಲಿ ಬರೆದುಕೊಂಡು ಉಜ್ಜಿ ತೆಗೆದರು. ಈಗ ಆ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ನನ್ನ ದೊಡ್ಡಪ್ಪನ ಕಾರಿನ ಡ್ರೈವರ್ ಬಾಗಿಲಿನಲ್ಲಿ, ಕಿಟಕಿಯ ಕೆಳಗೆ, ಮೊಣಕೈ ಅಗಲದಷ್ಟು ಜಾಗದಲ್ಲಿ ಬಣ್ಣವೇ ಇಲ್ಲ, ಪ್ರೈಮರ್ ಕಾಣುತ್ತೆ. ಬಲಗೈ ಅಲ್ಲಿ ಊರಿಕೊಂಡೇ ಅವರು ಗಾಡಿ ಓಡಿಸಿದ್ದು. ಎಷ್ಟು ಪಾಲಿಶ್ ತಿಕ್ಕಿದರೂ ಅದು ವಾಪಸ್ ಬರಲ್ಲ. ಬರೋದೂ ಬೇಡ. ದೊಡ್ಡಪ್ಪ ಈಗಿಲ್ಲ, ಅವರ ಮೊಣಕೈ ಅಲ್ಲಿದೆ. ಇಂಥದ್ದನ್ನು ಅಳಿಸಿ ತಂದ ಹೊಳಪು ಯಾರಿಗೆ ಗೌರವ?

'ನನ್ನ ಕಾರು, ನನ್ನ ದುಡ್ಡು' ಅಂತಾರೆ. ಸರಿ, ಕಾನೂನು ನಿಮ್ಮ ಕಡೆ ಇದೆ. ಬಣ್ಣ ಬದಲಾಯಿಸಿದರೆ ಆರ್‌ಟಿಓಗೆ ಹೋಗಿ ಆರ್‌ಸಿಯಲ್ಲಿ ತಿದ್ದಿಸಬೇಕು ಅನ್ನೋದು ನೆನಪಿದ್ದರೆ ಸಾಕು. ಆದರೆ ಹೊಸ ಕಾರಿಗೂ ಹಳೇ ಕಾರಿಗೂ ಒಂದು ವ್ಯತ್ಯಾಸ ಇದೆ. ಅಂಬಾಸಿಡರ್ ಕಾರ್ಖಾನೆ ಉತ್ತರಪಾರಾದಲ್ಲಿ 2014ರಲ್ಲೇ ನಿಂತುಹೋಯಿತು. ಮುಂಬೈಯ ಕುರ್ಲಾದಲ್ಲಿ ಪದ್ಮಿನಿ ಮಾಡೋದು ಅದಕ್ಕೂ ಎಷ್ಟೋ ಮುಂಚೆ ನಿಂತಿತು. ಇನ್ನು ಯಾರೂ ಆ ಬಣ್ಣವನ್ನು ಆ ತಗಡಿನ ಮೇಲೆ ಅಲ್ಲಿ ಹೊಡೆಯಲ್ಲ. ಇಂಜಿನ್ ಬಿಚ್ಚಿ ಕೂಡಿಸಬಹುದು, ಸೀಟಿಗೆ ಹೊಸ ರೆಕ್ಸಿನ್ ಹೊಲಿಸಬಹುದು, ಮೂಲ ಬಣ್ಣ ಮಾತ್ರ ಒಂದೇ ಸಲ. ನಿಮ್ಮ ದುಡ್ಡಿಗೆ ಸಿಗದೇ ಇರೋದು ಅದೊಂದೇ, ನೀವು ಗ್ಯಾರೇಜಿಗೆ ಕಾಸು ಕೊಟ್ಟು ಕೆರೆಸಿ ಹಾಕೋದೂ ಅದನ್ನೇ.

'ಟೈಮಿಲ್ಲ ಗುರು' ಅಂತಾರೆ. ಗ್ಯಾರೇಜಿನವನಿಗೆ ವಾರಕ್ಕೆ ಮೂರು ಸಲ ಫೋನು ಮಾಡಿ, 'ನಾಳೆ ಸರ್' ಅಂತ ಕೇಳಿಸಿಕೊಂಡು, ಮೂರು ತಿಂಗಳು ಕಾಯೋಕೆ ಟೈಮಿದೆ. ಎರಡು ಶನಿವಾರ ಕೂತು ತಿಕ್ಕೋಕೆ ಇಲ್ಲ. ನಿಜ ಹೇಳಬೇಕಂದ್ರೆ ನಮಗೆ ಬೇಕಾಗಿರೋದು ಬೈಸೆಪ್ಸ್, ಅದಕ್ಕೆ ಜಿಮ್ಮಿಗೆ ದುಡ್ಡು ಕಟ್ತೀವಿ. ಅದೇ ತೋಳಿನಲ್ಲಿ ಒಂದು ಬಾಗಿಲು ತಿಕ್ಕೋಣ ಅಂದ್ರೆ ಡೆಲಿವರಿ ಆ್ಯಪ್ ಹುಡುಕ್ತೀವಿ.

ಪೇಂಟರುಗಳ ಮೇಲೆ ನನಗೆ ಸಿಟ್ಟಿಲ್ಲ. ಟಿಂಕರಿಂಗ್, ಪೇಂಟಿಂಗ್ ಮಾಡುವವರಿಗೆ ಹೊಟ್ಟೆ ತುಂಬೋದು ಬಣ್ಣ ಹೊಡೆದರೆ. 'ಇದಕ್ಕೆ ಬಣ್ಣ ಬೇಕಿಲ್ಲ, ತಿಕ್ಕಿದರೆ ಸಾಕು' ಅಂತ ಅವರು ಹೇಳಿದರೆ ಗಿರಾಕಿಯೇ ಪಕ್ಕದ ಗ್ಯಾರೇಜಿಗೆ ಹೋಗ್ತಾನೆ. ತಿಕ್ಕುವ ಕೆಲಸಕ್ಕೆ ಕೂಲಿ ಕೊಡಲು ನಾವು ತಯಾರಿಲ್ಲ, ಬದಲಿಸುವ ಕೆಲಸಕ್ಕೆ ಲಕ್ಷ ಕೊಡ್ತೀವಿ. ಇದು ನಮ್ಮ ವೃತ್ತಿಯ ರೋಗವೂ ಹೌದು. ಹಳೇ ಕೋಡ್ ಕೈಗೆ ಬಂದ ದಿನವೇ 'ಇದನ್ನೆಲ್ಲ ಹೊಸದಾಗಿ ಬರೀಬೇಕು' ಅನ್ನೋ ಹುಡುಗರನ್ನು ನೀವೂ ನೋಡಿದ್ದೀರಿ. ಆ ಕೋಡಿನಲ್ಲಿ ವಿಕಾರವಾಗಿ ಕಾಣುವ ಒಂದೊಂದು ಸಾಲೂ ಯಾವುದೋ ರಾತ್ರಿ ಎರಡು ಗಂಟೆಗೆ ಯಾರೋ ಸರಿಪಡಿಸಿದ ಒಂದು ತೊಂದರೆ. ಓದದೆ ಅಳಿಸಿದವನು ಆರು ತಿಂಗಳಲ್ಲಿ ಅದೇ ತೊಂದರೆಗೆ ಮತ್ತೆ ಸಿಕ್ಕಿಬೀಳ್ತಾನೆ. ಓದಿ ಅರ್ಥ ಮಾಡಿಕೊಂಡು ಸ್ವಲ್ಪವೇ ಮುಟ್ಟುವವನಿಗೆ ಮಾತ್ರ ಅಪ್ರೈಸಲ್‌ನಲ್ಲಿ ಚಪ್ಪಾಳೆ ಸಿಗಲ್ಲ.

ಇನ್ನೊಂದು ತಮಾಷೆ. 2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈಯ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆ ಬಿಟ್ಟಿತು. ಅವತ್ತು ನನ್ನ ಫೋನಿನ ತುಂಬ ಶ್ರದ್ಧಾಂಜಲಿ. ಎಲ್ಲ ಫೋಟೋಗಳಿಗೂ ಬಣ್ಣ ಮಾಸಿದಂತೆ ಕಾಣುವ ಫಿಲ್ಟರ್. ಹರಿದ ಜೀನ್ಸಿಗೆ ಹೆಚ್ಚು ದುಡ್ಡು ಕೊಡ್ತೀವಿ, ಗೋಡೆಯ ಗಾರೆ ಕಿತ್ತುಬಂದಂತೆ ಬೇಕೆಂದೇ ಮಾಡಿದ ಕೆಫೆಯಲ್ಲಿ ಕೂತು ಕಾಫಿ ಕುಡೀತೀವಿ. ಸುಳ್ಳು ಹಳತನ ನಮಗೆ ಇಷ್ಟ. ನಿಜವಾದ ಹಳತನ ಮನೆ ಮುಂದೆ ಬಂದು ನಿಂತರೆ ಮಾತ್ರ ನಾಚಿಕೆ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಯಾರಾದರೂ ಏನಂದುಕೊಂಡಾರು ಅಂತ.

ಸರ್ಕಾರಕ್ಕೇ ಈ ವಿಷಯದಲ್ಲಿ ನಮಗಿಂತ ಸ್ವಲ್ಪ ಹೆಚ್ಚು ತಿಳಿವಳಿಕೆ ಬಂದಿದೆ. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಾಗಿದ್ದರೆ 'ವಿಎ' ಅಕ್ಷರಗಳಿರುವ ಬೇರೆ ನಂಬರ್ ಪ್ಲೇಟ್, ಹೊಸ ನೋಂದಣಿಗೆ 20,000 ರೂಪಾಯಿ. ಬಣ್ಣ ಹೊಡೆಸಿದವರಿಗೆ ಇದು ಸಿಗಲ್ಲ ಅಂತ ನಾನು ಹೇಳ್ತಿಲ್ಲ. ಆದರೆ 'ಮೂಲ ರೂಪ' ಅನ್ನೋ ಮಾತಿಗೆ ಒಂದು ಬೆಲೆ ಇದೆ ಅಂತ ಆ ಕಾಗದ ಒಪ್ಪಿಕೊಂಡಿದೆ. 'ಪದ್ಮಿನಿ' ಅನ್ನೋ ಹೆಸರು ಬಂದದ್ದು 1974ರಲ್ಲಿ. ಅಂದರೆ ಮೊದಮೊದಲ ಪದ್ಮಿನಿಗಳಿಗೆ 50 ತುಂಬುತ್ತಿರುವ ಹೊತ್ತಿಗೇ ನಾವು ಅವನ್ನು ಕೆರೆದು ಮ್ಯಾಟ್ ಗ್ರೇ ಮಾಡ್ತಿದ್ದೀವಿ.

ಹಾಗಂತ ಬಣ್ಣವನ್ನೇ ಹೊಡೆಸಬಾರದು ಅನ್ನೋ ಮಡಿ ನನಗಿಲ್ಲ. ತುಕ್ಕು ತಗಡನ್ನು ತಿಂದು ತೂತು ಮಾಡಿದ್ದರೆ ಕತ್ತರಿಸಿ ವೆಲ್ಡ್ ಮಾಡಿಸಿ, ಆ ಜಾಗಕ್ಕೆ ಬಣ್ಣ ಹೊಡೆಸಲೇಬೇಕು. ಕ್ಲಿಯರ್‌ಕೋಟ್ ಇರುವ ಕಾರಿನಲ್ಲಿ ಆ ಪದರ ಬಿಸಿಲಿಗೆ ಸುಟ್ಟ ಚರ್ಮದಂತೆ ಸುಲಿದು ಬರುತ್ತಿದ್ದರೆ ಯಾವ ಪಾಲಿಶೂ ಅದನ್ನು ಅಂಟಿಸಲ್ಲ. ಹಿಂದೆ ಯಾರೋ ಕಳಪೆ ಬಣ್ಣ ಹೊಡೆಸಿದ್ದು ಚಕ್ಕೆ ಏಳುತ್ತಿದ್ದರೂ ಅಷ್ಟೇ. ಆದರೆ ಒಂದು ಫೆಂಡರ್ ಕೆಟ್ಟರೆ ಒಂದು ಫೆಂಡರ್. ಹಲ್ಲು ಹುಳುಕಾಯಿತು ಅಂತ ಎಲ್ಲ ಹಲ್ಲನ್ನೂ ಕೀಳಿಸಿ ಸೆಟ್ ಹಾಕಿಸುವವರನ್ನು ನಾನು ನೋಡಿಲ್ಲ.

ಆದ್ದರಿಂದ ಗ್ಯಾರೇಜಿಗೆ ಅಡ್ವಾನ್ಸ್ ಕಳಿಸುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ಹಳೇ ಬಿಳಿ ಬನಿಯನ್ ಇರುತ್ತಲ್ಲ, ಅದನ್ನು ಹರಿದು ಒಂದು ತುಂಡು ತಗೊಳ್ಳಿ. ಡಿಕ್ಕಿಯ ಅಂಚಿನಲ್ಲಿ ಅಂಗೈಯಗಲ ಜಾಗಕ್ಕೆ ಪಾಲಿಶ್ ಹಚ್ಚಿ ತಿಕ್ಕಿ. ಬಟ್ಟೆಗೆ ನೀಲಿ ಹತ್ತಿತೋ, ಆ ಜಾಗದಲ್ಲಿ ನೀಲಿ ಎದ್ದಿತೋ, ಪೇಂಟರಿಗೆ ಫೋನು ಮಾಡಿ 'ಸದ್ಯಕ್ಕೆ ಬೇಡಣ್ಣ' ಅನ್ನಿ. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷವನ್ನೂ ಕೊಡದೆ ನಲವತ್ತು ವರ್ಷದ ಬಣ್ಣ ಕೆರೆಸುವವರು ದಯವಿಟ್ಟು ತಮ್ಮನ್ನು ಹಳೇ ಕಾರಿನ ಪ್ರೇಮಿ ಅಂತ ಕರೆದುಕೊಳ್ಳಬೇಡಿ. ಶೋರೂಮಿಗೆ ಹೋಗಿ, ಹೊಸ ಕಾರು ಕೊಳ್ಳಿ. ಹಳೇದನ್ನು ತಿಕ್ಕುವವರಿಗೆ ಬಿಡಿ.