ಎಲೆ ಎಣಿಸುವ ವಿದ್ಯೆ

ದೀಪಾವಳಿಗೆ ಊರಿಗೆ ಹೋಗಿದ್ದೆ. ಹಬ್ಬದ ಮರುದಿನ ಭಾಲ್ಕಿಯಿಂದ ಔರಾದಿಗೆ, ಕಾಕಾನ ಮನೆಗೆ, ಬಸ್ಸಿನಲ್ಲಿ ಹೊರಟೆ. ಪಕ್ಕದ ಸೀಟಿನಲ್ಲಿ ಕಾಕಾನ ಮಗ. ಡಿಪ್ಲೊಮಾ ಓದುವ ಹುಡುಗ, ಇಪ್ಪತ್ತರ ಆಸುಪಾಸು. ಬಸ್ಸು ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದ:

“ಅಣ್ಣಾ, ನೀ ಪೋಕರ್‌ದಾಗ ರೊಕ್ಕ ಗೆಲ್ತಿದ್ದಿ ಅಲ್ಲ? ನನಗೂ ಕಲಸು.”

“ಯಾರು ಹೇಳ್ಯಾರ ನಿನಗ?”

“ನೀನೇ ಹೇಳಿದ್ದಿ. ಹೋದ ವರ್ಷ ಅಕ್ಕನ ಮದ್ವ್ಯಾಗ.”

ಹೌದು, ಹೇಳಿದ್ದೆ. ಊಟ ಆದ ಮೇಲೆ ಹುಡುಗರೆಲ್ಲ ಸುತ್ತ ಕೂತಿದ್ದಾಗ, ಒಂದೇ ತಿಂಗಳಲ್ಲಿ 42 ಸಾವಿರ ಗೆದ್ದ ಕಥೆಯನ್ನು ಮಸಾಲೆ ಹಾಕಿ ಹೇಳಿದ್ದೆ. ಮುಂದಿನ ತಿಂಗಳುಗಳ ಕಥೆ ಯಾರಿಗೂ ಹೇಳಿರಲಿಲ್ಲ. ಈ ಅಂಕಣದಲ್ಲೂ ಇದುವರೆಗೆ ಬರೆದಿಲ್ಲ. ಇವತ್ತು ಬರೆಯುತ್ತಿದ್ದೇನೆ.

ನಾನು ಪೋಕರ್ ಶುರು ಮಾಡಿದ್ದು 2021ರಲ್ಲಿ, ವರ್ಕ್ ಫ್ರಮ್ ಹೋಮ್ ಅಂತ ಭಾಲ್ಕಿಯ ಮನೆಯಲ್ಲಿ ಕೂತಿದ್ದಾಗ. ಮೊದಲು ಹತ್ತು, ಇಪ್ಪತ್ತು ರೂಪಾಯಿಯ ಆಟ. ಅಷ್ಟರಲ್ಲಿ ಆ ವರ್ಷದ ಅಕ್ಟೋಬರ್ 5ರಿಂದ ಕರ್ನಾಟಕ ಪೊಲೀಸ್ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳೆಲ್ಲ ರಾಜ್ಯದಲ್ಲಿ ಬಂದ್. ಆ್ಯಪ್ ತೆರೆದರೆ ‘ನಿಮ್ಮ ರಾಜ್ಯದಲ್ಲಿ ಲಭ್ಯವಿಲ್ಲ’ ಅನ್ನುತ್ತಿತ್ತು.

ನಮ್ಮ ಬೀದರ್ ಜಿಲ್ಲೆಯ ನಕ್ಷೆ ನೋಡಿ. ಪೂರ್ವಕ್ಕೆ ತೆಲಂಗಾಣ, ಅಲ್ಲಿ 2017ರಲ್ಲೇ ನಿಷೇಧ. ಪಶ್ಚಿಮಕ್ಕೆ ಮಹಾರಾಷ್ಟ್ರ, ಅಲ್ಲಿ ಆ್ಯಪ್ ನಡೆಯುತ್ತಿತ್ತು. ಭಾಲ್ಕಿಯಲ್ಲಿ ರೈಲು ಹತ್ತಿದರೆ ಕಮಲನಗರ ದಾಟಿ ಉದಗೀರ್. ಭಾನುವಾರ ಅವ್ವನಿಗೆ “ಉದಗೀರದಾಗ ದೋಸ್ತನ ಕೆಲಸ ಅದ” ಅಂತ ಹೇಳಿ ಹೋಗುತ್ತಿದ್ದೆ. ದೋಸ್ತನೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಉದಗೀರ್ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ನಾಲ್ಕು ತಾಸು ಮೊಬೈಲ್ ಹಿಡಿದು ಕೂತು, ಒಂದು ಚಹಾ, ಒಂದು ವಡಾಪಾವ್ ತಿಂದು ವಾಪಸ್ ಬರುತ್ತಿದ್ದೆ. ಆಗ ಇದು ನನಗೆ ಜಾಣತನ ಅನಿಸಿತ್ತು. ಇಂಜಿನಿಯರಿಂಗ್ ಓದಿದವನು ಗಡಿ ದಾಟಿ ಹೋಗಿ ಜೂಜಾಡುತ್ತಾನೆ ಅಂದರೆ ಅದು ಯಾವುದರ ಲಕ್ಷಣ ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ.

2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯನ್ನು ರದ್ದು ಮಾಡಿತು. ಕೌಶಲ್ಯದ ಆಟ ಬೇರೆ, ಅದೃಷ್ಟದ ಆಟ ಬೇರೆ ಅನ್ನುವುದು ವಾದದ ತಿರುಳು. ನನಗೆ ಬೇಕಾಗಿದ್ದೂ ಆ ಒಂದು ಮಾತೇ. ‘ನಾನು ಜೂಜುಕೋರ ಅಲ್ಲ, ಕೌಶಲ್ಯದವನು’ ಅಂತ ನನ್ನಷ್ಟಕ್ಕೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡೆ.

ಆಮೇಲೆ ಆಫೀಸು ಬೆಂಗಳೂರಿಗೆ ಕರೆಯಿತು. ತಿಂಗಳಿಗೆ ಒಮ್ಮೆಯಾದರೂ ಬೀದರ್–ಯಶವಂತಪುರ ರಾತ್ರಿ ರೈಲು. ಅದು ವಿಕಾರಾಬಾದ್ ಮೇಲೆ ತೆಲಂಗಾಣ, ಆಂಧ್ರ ಹಾದು ಹೋಗುತ್ತದೆ. ಆಂಧ್ರದಲ್ಲೂ 2020ರಿಂದ ನಿಷೇಧ. ಹೀಗಾಗಿ ರೈಲಿನಲ್ಲಿ ಹೆಚ್ಚಿನ ಹೊತ್ತು ಆಡಲು ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ಕಲಿಯಲು ಕೂತೆ. ಅಪ್ಪರ್ ಬರ್ತಿನಲ್ಲಿ ಮಲಗಿ ಪಿಡಿಎಫ್ ಓದುವುದು, ವಿಡಿಯೊ ನೋಡುವುದು, ನೋಟ್‌ಬುಕ್ಕಿನಲ್ಲಿ ಲೆಕ್ಕ ಮಾಡುವುದು. ಸುಳ್ಳು ಯಾಕೆ ಹೇಳಲಿ, ಆ ಕಲಿಕೆಯ ಸುಖವೇ ಬೇರೆ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. 52 ಎಲೆಯ ಒಂದು ಕಟ್ಟು. ಪ್ರತಿಯೊಬ್ಬರ ಕೈಗೆ ಎರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಐದು ಎಲೆ ತೆರೆದಿಡುತ್ತಾರೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು. ಏಳರಲ್ಲಿ ಒಳ್ಳೆಯ ಐದು ಎಲೆ ಯಾರದೋ ಅವರಿಗೆ ನಡುವಿನ ಹಣ. ಪ್ರತಿ ಹಂತದಲ್ಲೂ ಹಣ ಕಟ್ಟಬಹುದು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬಹುದು.

ಕೈಗೆ ಬರುವ ಎರಡು ಎಲೆಗೆ ಒಟ್ಟು 1,326 ಜೋಡಿಗಳು ಸಾಧ್ಯ. ಅದರಲ್ಲಿ ಎರಡು ಎಕ್ಕ ಬರುವುದು ಆರು ಜೋಡಿಯಲ್ಲಿ ಮಾತ್ರ. ಅಂದರೆ 221 ಕೈಗೆ ಒಂದು ಸಲ. ಉಳಿದ ಹೊತ್ತೆಲ್ಲ ಕಾಯುವುದೇ ಕೆಲಸ. ಇನ್ನೊಂದು ಲೆಕ್ಕ ನೋಡಿ. ನನ್ನ ಕೈಯ ಎರಡೂ, ನಡುವಿನ ಮೂರರಲ್ಲಿ ಎರಡೂ ಇಸ್ಪೀಟು. ಇನ್ನೊಂದು ಇಸ್ಪೀಟು ಬಂದರೆ ಹೆಚ್ಚುಕಡಿಮೆ ಗೆದ್ದಂತೆ. ಕಾಣದ ಎಲೆ 47, ಅದರಲ್ಲಿ ಇಸ್ಪೀಟು 9. ಮುಂದಿನ ಎಲೆಗೆ ನನ್ನ ಅವಕಾಶ ನೂರಕ್ಕೆ 19. ನಡುವೆ 200 ರೂಪಾಯಿ ಇದೆ, ಎದುರಿನವ ಇನ್ನೂ 200 ಕಟ್ಟಿದ. ನಾನು 200 ಹಾಕಿದರೆ ಒಟ್ಟು 600 ಆಗುತ್ತದೆ, ಅದರಲ್ಲಿ ನನ್ನ ಪಾಲು ಮೂರರಲ್ಲಿ ಒಂದು. ನೂರಕ್ಕೆ 33 ಅವಕಾಶ ಇದ್ದರೆ ಮಾತ್ರ ಈ ಹಣ ಹಾಕುವುದು ಸರಿ. ಇರುವುದು 19. ಮುಂದಿನ ಸುತ್ತಿನಲ್ಲಿ ದೊಡ್ಡ ಮೊತ್ತ ಸಿಗುವ ಖಾತ್ರಿ ಇಲ್ಲದಿದ್ದರೆ ಎಲೆ ಕೆಳಗಿಡಬೇಕು.

ಒಮ್ಮೆ ಈ ಲೆಕ್ಕವನ್ನು ಅಪ್ಪನಿಗೆ ಪೋಕರ್ ಅನ್ನದೆ, ಆಫೀಸಿನ ಲೆಕ್ಕ ಅನ್ನುವ ಹಾಗೆ ಹೇಳಿದ್ದೆ. ಅಪ್ಪ ನಕ್ಕು, “ಇಷ್ಟೇನಾ? ನಾವು ಬಿತ್ತೂ ಮುಂದ ಇದನ್ನೇ ನೋಡ್ತೀವಿ. ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಮಳಿ ಕೈ ಕೊಟ್ರ ಎಷ್ಟು ಹೋಗ್ತದ” ಅಂದಿದ್ದರು.

2023ರ ಫೆಬ್ರವರಿಯಿಂದ ಎಕ್ಸೆಲ್‌ನಲ್ಲಿ ಲೆಕ್ಕ ಇಡಲು ಶುರು ಮಾಡಿದೆ. ಮೊದಲ ಹದಿನಾಲ್ಕು ತಿಂಗಳು ನಿಜವಾಗಿಯೂ ಗೆದ್ದೆ, ಒಟ್ಟು 1 ಲಕ್ಷ 12 ಸಾವಿರ. ಮದುವೆಯಲ್ಲಿ ಹೇಳಿದ್ದು ಆ ಕಾಲದ ಕಥೆ. ಗೆಲ್ಲುತ್ತಿದ್ದೇನೆ ಅಂದುಕೊಂಡು ದೊಡ್ಡ ಮೊತ್ತದ ಟೇಬಲ್ಲಿಗೆ ಹೋದೆ. ಅಲ್ಲಿ ಕೂತವರೆಲ್ಲ ನನ್ನ ಹಾಗೆ ಓದಿ ಬಂದವರೇ, ಬಹಳಷ್ಟು ಮಂದಿ ನನಗಿಂತ ಹೆಚ್ಚು ಓದಿದವರು.

ಖರ್ಚೂ ಬೆಳೆಯುತ್ತ ಹೋಯಿತು. ಪ್ರತಿ ಆಟದಿಂದ ಕಂಪನಿ ತನ್ನ ಪಾಲು ತೆಗೆಯುತ್ತದೆ, ಗೆದ್ದವರು ಯಾರೇ ಇರಲಿ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ 30 ಟಿಡಿಎಸ್. ಈ ವರ್ಷ ಗೆದ್ದು ತೆರಿಗೆ ಕಟ್ಟಿ, ಮುಂದಿನ ವರ್ಷ ಸೋತರೆ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ. ಅದೇ ಅಕ್ಟೋಬರ್‌ನಿಂದ ಹಾಕುವ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು. ಸಾವಿರ ರೂಪಾಯಿ ಹಾಕಿದರೆ ಸುಮಾರು 219 ತೆರಿಗೆ, ಆಟಕ್ಕೆ ಉಳಿಯುತ್ತಿದ್ದದ್ದು 781. ಕೆಲವು ಕಂಪನಿಗಳು ಬೋನಸ್ ಅಂತ ಅದನ್ನು ತುಂಬಿಕೊಟ್ಟವು, ಆದರೆ ಬೋನಸ್ಸಿಗೂ ಷರತ್ತು ಇರುತ್ತದೆ. ಕೌಶಲ್ಯ ಇದ್ದವನೂ ಮೊದಲು ಇದನ್ನೆಲ್ಲ ಗೆದ್ದು, ಆಮೇಲೆ ಎದುರಿನವನನ್ನು ಗೆಲ್ಲಬೇಕು.

ಎಲ್ಲಕ್ಕಿಂತ ದೊಡ್ಡ ಖರ್ಚು ಸಿಟ್ಟು. ಎರಡು ಎಕ್ಕ ಹಿಡಿದವನು ಎರಡು ರಾಜ ಹಿಡಿದವನ ಎದುರು ಗೆಲ್ಲುವುದು ನೂರಕ್ಕೆ 82 ಸಲ. ಉಳಿದ 18 ಸಲ ಸೋಲುತ್ತಾನೆ. ಇದು ರೈಲಿನಲ್ಲಿ ನೋಟ್‌ಬುಕ್ಕಿನಲ್ಲಿ ನಾನೇ ಬರೆದುಕೊಂಡ ಲೆಕ್ಕ. ಆದರೆ ರಾತ್ರಿ ಒಂದು ಗಂಟೆಗೆ ಆ 18ರ ಸರದಿ ಬಂದಾಗ ನೋಟ್‌ಬುಕ್ಕು ನೆನಪಾಗುವುದಿಲ್ಲ. ‘ಹೋದದ್ದನ್ನು ಇವತ್ತೇ ತೆಗಿತೀನಿ’ ಅನ್ನುವುದೊಂದೇ ನೆನಪಿರುತ್ತದೆ. ಪೋಕರ್ ಆಡುವವರು ಇದಕ್ಕೆ ‘ಟಿಲ್ಟ್’ ಅನ್ನುತ್ತಾರೆ. ನಮ್ಮ ಕಡೆ ‘ತಲಿ ತಿರಗ್ಯಾದ’ ಅಂದರೆ ಸಾಕು.

2025ರ ಜೂನ್‌ನಲ್ಲಿ ಅಪ್ಪ ಫೋನ್ ಮಾಡಿದರು. “ಸೋಯಾ ಬಿತ್ತಬೇಕು, ಮಳಿ ಚಲೋ ಆಗ್ಯಾದ. ಬೀಜ, ಗೊಬ್ಬರಕ್ಕ ಒಂದ್ ನಲವತ್ತ್ ಸಾವಿರ ಹಾಕ್ತಿಯೇನು?” ನನ್ನ ಖಾತೆಯಲ್ಲಿ ಅಷ್ಟು ಹಣ ಇತ್ತು. “ಮುಂದಿನ ವಾರ ಹಾಕ್ತೀನಿ ಅಪ್ಪಾ, ಸ್ವಲ್ಪ ಟೈಟ್ ಅದ” ಅಂದೆ. ಹಣ ಆ್ಯಪಿಗೆ ಹೋಯಿತು. ಒಂದು ವಾರದಲ್ಲಿ ಅರವತ್ತು ಮಾಡಿ ಕಳಿಸುವುದು ನನ್ನ ಯೋಜನೆ. ಹತ್ತು ದಿನದಲ್ಲಿ ಉಳಿದದ್ದು ಒಂಬತ್ತು ಸಾವಿರ. ಅಪ್ಪ ಅಂಗಡಿಯಲ್ಲಿ ಬಡ್ಡಿ ಮೇಲೆ ಉದ್ರಿ ತಂದು ಬಿತ್ತಿದರು. ಆಮೇಲೆ ಮಳೆ ಅತಿಯಾಗಿ ಹೊಲದಲ್ಲಿ ನೀರು ನಿಂತಿದ್ದು ಬೇರೆ ಮಾತು. ಅಪ್ಪ ಮತ್ತೊಮ್ಮೆ ಕೇಳಲಿಲ್ಲ. ಆ ಮೇಲಿನ ಫೋನಿನಲ್ಲೆಲ್ಲ “ಉಂಡಿಯೇನು? ಆರಾಮ ಇದ್ದಿಯೇನು?” ಇಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಹೊಸ ಕಾನೂನು ಮಾಡಿತು. 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಕೌಶಲ್ಯವೋ ಅದೃಷ್ಟವೋ ಅನ್ನುವ ಪ್ರಶ್ನೆಯೇ ಇಲ್ಲ, ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟವೆಲ್ಲ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಕಂಪನಿಗಳು ಕೋರ್ಟಿಗೆ ಹೋದವು. ನನ್ನ ಆ್ಯಪ್ ಮಾತ್ರ ಹಣದ ಟೇಬಲ್ ಮುಚ್ಚಿ, ಉಳಿದದ್ದನ್ನು ಖಾತೆಗೆ ಹಾಕಿತು. ಅವತ್ತು ಎಕ್ಸೆಲ್ ಕೊನೆಯ ಸಾಲು ತುಂಬಿದೆ. 31 ತಿಂಗಳು, ಸುಮಾರು 1,100 ತಾಸು, ನಷ್ಟ 86,400 ರೂಪಾಯಿ. ಬಿಟ್ಟವನು ನಾನಲ್ಲ, ಬಾಗಿಲು ಅವರು ಹಾಕಿದರು. ಈ ವ್ಯತ್ಯಾಸ ನನಗೆ ಗೊತ್ತಿರಲಿ ಅಂತಲೇ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ ಇಷ್ಟನ್ನೂ ಹೇಳಿದೆ. ತಮ್ಮ ಸುಮ್ಮನೆ ಕೇಳಿದ. ಆಮೇಲೆ ಅಂದ, “ಖರೇ ಅಣ್ಣಾ. ಆದ್ರ ಅಜ್ಜಿ ನಳನ ಕಥಿ ಹೇಳ್ತಿದ್ಳಲ್ಲ? ಅವನೂ ಎಲ್ಲಾ ಸೋತು, ವಿದ್ಯಾ ಕಲ್ತು, ಮತ್ತ ಗೆದ್ದ.”

ಹುಡುಗ ಬುದ್ಧಿವಂತ. ಮಹಾಭಾರತದ ವನಪರ್ವದ ಕಥೆ ಅದು. ಪುಷ್ಕರನಿಗೆ ರಾಜ್ಯ ಸೋತ ನಳ, ಬಾಹುಕ ಅನ್ನುವ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗುತ್ತಾನೆ. ದಾರಿಯಲ್ಲಿ ಒಂದು ತಾರೆ ಮರದ ಎಲೆ, ಕಾಯಿಗಳ ಲೆಕ್ಕವನ್ನು ಋತುಪರ್ಣ ನೋಡಿದ ಕೂಡಲೇ ಹೇಳುತ್ತಾನೆ. ನಳ ರಥ ನಿಲ್ಲಿಸಿ ಎಣಿಸಿ ನೋಡುತ್ತಾನೆ, ಸರಿಯಾಗಿರುತ್ತದೆ. ಕುದುರೆ ವಿದ್ಯೆಗೆ ಬದಲಾಗಿ ಅಕ್ಷಹೃದಯ ಅನ್ನುವ ಪಗಡೆಯ ವಿದ್ಯೆ ಕಲಿಯುತ್ತಾನೆ. ಪ್ರಯಾಣದಲ್ಲಿ ಆಟ ಕಲಿತವರಲ್ಲಿ ಅವನೇ ಮೊದಲಿಗ ಇರಬೇಕು!

“ಪೂರಾ ನೆನಪ್ ಮಾಡ್ಕೋ ತಮ್ಮಾ,” ಅಂದೆ. “ವಿದ್ಯಾ ಕಲ್ತ ಮ್ಯಾಲ ನಳ ಎಷ್ಟ್ ಸಲ ಆಡ್ದ? ಪುಷ್ಕರನ ಜೊತಿ ಒಂದೇ ಪಣ. ಗೆದ್ದ, ಅವನ ಪಾಲು ಅವನಿಗಿ ಕೊಟ್ಟು ಕಳಿಸ್ದ, ಎದ್ದ. ನಾ ಸಾವಿರದ ನೂರು ತಾಸು ಕೂತೀನಿ.”

ಅವನು ಕಿಟಕಿಯ ಹೊರಗೆ ನೋಡತೊಡಗಿದ. ಔರಾದು ಹತ್ತಿರ ಬಂದಾಗ ನಿಜ ಹೊರಬಿತ್ತು. ಟೆಲಿಗ್ರಾಂನಲ್ಲಿ ಬಂದ ಲಿಂಕ್ ಹಿಡಿದು, ಹೊರದೇಶದ ಸೈಟು ಅಂತ ಹೇಳಿಕೊಂಡಿದ್ದ ಒಂದರಲ್ಲಿ ಫೀಸಿನ 14 ಸಾವಿರ ಹಾಕಿದ್ದ. ಸ್ಕ್ರೀನಿನ ಮೇಲೆ ಅದು 20 ಸಾವಿರ ಆಗಿತ್ತು. “ತಕ್ಕೊಳ್ಳಾಕ್ ಹೋದ್ರ, ಮೊದಲ ಇನ್ನೂ ಐದ್ ಸಾವಿರ ಹಾಕು ಅಂತದ. ಅದಕ್ಕೇ ನಿನಗ ಕೇಳ್ಲತ್ತೀನಿ.”

ಅವನಿಗೆ ಕಲಿಯುವುದು ಬೇಕಾಗಿರಲಿಲ್ಲ. ಐದು ಸಾವಿರ ಬೇಕಾಗಿತ್ತು.

ಆಗ ನಾನು ಅಣ್ಣನಾಗಿ ಅಲ್ಲ, ಸಾಫ್ಟ್‌ವೇರ್ ಕೆಲಸದವನಾಗಿ ಹೇಳಿದೆ. ಸ್ಕ್ರೀನಿನ ಮೇಲಿನ 20 ಸಾವಿರ ಹಣ ಅಲ್ಲ, ಯಾರೋ ಬರೆದ ಒಂದು ಸಂಖ್ಯೆ. ಎದುರು ಆಡುತ್ತಿರುವವನು ಮನುಷ್ಯನೇ ಅನ್ನುವುದಕ್ಕೂ ಗ್ಯಾರಂಟಿ ಇಲ್ಲ. 2017ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು ಮಾಡಿದ ಲಿಬ್ರೆಟಸ್ ಅನ್ನುವ ಪ್ರೋಗ್ರಾಂ ನಾಲ್ವರು ನುರಿತ ಆಟಗಾರರನ್ನು 20 ದಿನ, 1 ಲಕ್ಷ 20 ಸಾವಿರ ಕೈ ಆಡಿ ಸೋಲಿಸಿತು. 2019ರಲ್ಲಿ ಪ್ಲುರಿಬಸ್ ಆರು ಮಂದಿಯ ಟೇಬಲ್ಲಿನಲ್ಲೂ ಗೆದ್ದಿತು. ಹೆಸರು, ವಿಳಾಸ ಇಲ್ಲದ ಸೈಟಿನಲ್ಲಿ ಎಲೆ ಹಂಚುವವರೂ ಅವರೇ, ಆಡುವವರೂ ಅವರೇ ಇರಬಹುದು. ಅಲ್ಲಿ ಯಾವ ಕೌಶಲ್ಯವೂ ನಡೆಯುವುದಿಲ್ಲ.

ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ, ಇನ್ನೊಂದು ಪೈಸೆ ಹಾಕಬಾರದು ಅಂತ ಮಾತು ತೆಗೆದುಕೊಂಡೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಅವನ ಕೈಯಿಂದಲೇ ಫೋನ್ ಮಾಡಿಸಿ ದೂರು ಕೊಡಿಸಿದೆ. ಹಣ ಇನ್ನೂ ಬಂದಿಲ್ಲ, ಬರುತ್ತದೆ ಅನ್ನುವ ಭರವಸೆಯೂ ನನಗಿಲ್ಲ. ಇಂಥದ್ದು ಆದಾಗ ಬೇಗ ಹೇಳಿದಷ್ಟೂ ಒಳ್ಳೆಯದು, ಅಷ್ಟೇ. ಬಿಡಲು ಆಗುತ್ತಿಲ್ಲ, ನಿದ್ದೆ ಬರುತ್ತಿಲ್ಲ ಅನ್ನುವವರು ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮಿಂಗ್ ಚಟಕ್ಕೆಂದೇ ‘ಶಟ್’ ಅನ್ನುವ ಕ್ಲಿನಿಕ್ ಇದೆ.

ರಾತ್ರಿ ಊಟ ಆದ ಮೇಲೆ ಕಾಕಾನ ಎದುರು ಇಬ್ಬರೂ ಕೂತೆವು. ಅವನು ತನ್ನ 14 ಸಾವಿರದ್ದು ಹೇಳಲು ಹೆದರುತ್ತಿದ್ದ. ಅದಕ್ಕೆ ಮೊದಲು ನಾನು ನನ್ನ 86 ಸಾವಿರದ್ದು ಹೇಳಿದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ಕಾಕು ಒಳಗಿನಿಂದ ಹುರಿದ ಶೇಂಗಾ ತಂದಿಟ್ಟಳು. ಕೊನೆಗೆ ಕಾಕಾ ಅಂದದ್ದು ಒಂದೇ ಮಾತು, “ನಿಮ್ಮಪ್ಪಗ ಹೇಳಿದಿ ಏನು?”

ಹೇಳಿರಲಿಲ್ಲ.

ಮರುದಿನ ಭಾಲ್ಕಿಗೆ ವಾಪಸ್ ಬಂದೆ. ಅಪ್ಪ ಹೊಲದಲ್ಲಿ ಉಳಿದ ತೊಗರಿ ನೋಡುತ್ತ ನಿಂತಿದ್ದರು. ಬದುವಿನ ಮೇಲೆ ಕೂತು ಮೊಬೈಲಿನಲ್ಲಿ ಆ ಎಕ್ಸೆಲ್ ತೆರೆದು, ಜೂನ್ ತಿಂಗಳ ಸಾಲು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದಿದರು. “ಲೆಕ್ಕ ಚಲೋ ಇಟ್ಟಿ,” ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಅಂಗಡಿದು ಬಡ್ಡಿ ಸೇರಿ ನಲವತ್ನಾಕ್ ಆಗ್ಯಾದ” ಅಂದರು.

ಈ ತಿಂಗಳ ಸಂಬಳದಲ್ಲಿ ಅದರ ಅರ್ಧ ಕಟ್ಟಿದ್ದೇನೆ. ಉಳಿದದ್ದು ಮುಂದಿನ ತಿಂಗಳು.