ಅಂಗಳವಿಲ್ಲದ ನಾಯಕರು

ಊರಿನ ಹೆಸರನ್ನು ಎದೆಯ ಮೇಲೆ ಧರಿಸಿಯೂ ಆ ಊರಿನಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ ಋತುವನ್ನೇ ಕಳೆದ ತಂಡವೊಂದು ಉಂಟೆಂದರೆ ನಂಬುವುದು ಕಷ್ಟ. ಮೆಕ್ಸಿಕೊ ನಗರದ ‘ಕಾಪಿತಾನೆಸ್’ ಎಂಬ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ 2021ರಲ್ಲಿ ಒದಗಿದ ಗತಿ ಇದೇ. ಸ್ಪ್ಯಾನಿಷ್ ಭಾಷೆಯಲ್ಲಿ ಕಾಪಿತಾನೆಸ್ ಎಂದರೆ ನಾಯಕರು. ನಾಯಕರೆನಿಸಿಕೊಂಡವರು ಪರದೇಶದಲ್ಲಿ ಬಿಡಾರ ಹೂಡಿ, ಪ್ರತಿಯೊಂದು ಪಂದ್ಯವನ್ನೂ ಪರರ ಅಂಗಳದಲ್ಲಿಯೇ ಆಡಿದ ಕಥೆ ವಿಚಿತ್ರವೂ ಹೌದು, ವಿಚಾರಾರ್ಹವೂ ಹೌದು.

ಮೆಕ್ಸಿಕೊ ಎಂದೊಡನೆ ನೆನಪಾಗುವುದು ಕಾಲ್ಚೆಂಡಿನಾಟ. ಆದರೆ ಬ್ಯಾಸ್ಕೆಟ್‌ಬಾಲ್ ಆಟವೂ ಆ ನಾಡಿಗೆ ಹೊಸತಲ್ಲ. ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಮೊದಲ ಬಾರಿಗೆ ಪದಕಗಳು ದೊರೆತದ್ದು 1936ರಲ್ಲಿ, ಬರ್ಲಿನ್ ನಗರದಲ್ಲಿ. ಪಂದ್ಯಗಳು ನಡೆದದ್ದು ಬಯಲಿನಲ್ಲಿ, ಟೆನಿಸ್ ಆಡುವ ಮಣ್ಣಿನಂಗಳಗಳಲ್ಲಿ. ಅಂತಿಮ ಪಂದ್ಯದ ದಿನ ಮಳೆ ಸುರಿದು ಅಂಗಳವೆಲ್ಲ ಕೆಸರಾಯಿತು. ಸಂಯುಕ್ತ ಸಂಸ್ಥಾನ ಕೆನಡಾವನ್ನು 19-8ರಿಂದ ಸೋಲಿಸಿತು. ಮೂರನೆಯ ಸ್ಥಾನಕ್ಕಾಗಿ ಪೋಲೆಂಡನ್ನು 26-12ರಿಂದ ಮಣಿಸಿ ಕಂಚಿನ ಪದಕ ಗಳಿಸಿದ್ದು ಮೆಕ್ಸಿಕೊ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಆ ದೇಶಕ್ಕೆ ದೊರೆತ ಒಲಿಂಪಿಕ್ ಪದಕ ಇಂದಿಗೂ ಅದೊಂದೇ. 1968ರಲ್ಲಿ ಒಲಿಂಪಿಕ್ಸ್ ತನ್ನ ಮನೆಯಂಗಳಕ್ಕೇ ಬಂದಾಗ ಮೆಕ್ಸಿಕೊ ಐದನೆಯ ಸ್ಥಾನದಲ್ಲಿ ನಿಂತಿತು.

ಆ ಐದನೆಯ ಸ್ಥಾನದ ತಂಡದಲ್ಲಿ ಮಾನುಯೆಲ್ ರಾಗಾ ಎಂಬ ತರುಣನಿದ್ದ. ಆತ ನೆಗೆದನೆಂದರೆ ನೆಲವನ್ನು ಮರೆತನೇನೋ ಎಂಬಂತೆ ತೋರುತ್ತಿತ್ತು. ‘ಹಾರುವ ಮೆಕ್ಸಿಕನ್’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಇಟಲಿಯ ವರೇಸೆ ತಂಡದೊಡನೆ ಆತ 1970, 1972 ಮತ್ತು 1973ರಲ್ಲಿ ಯೂರೋಪಿನ ಪ್ರಶಸ್ತಿಯನ್ನು ಗೆದ್ದ. ಸಂಯುಕ್ತ ಸಂಸ್ಥಾನದ ಮಹಾ ಲೀಗಾದ ಎನ್.ಬಿ.ಎ.ಯ ಅಟ್ಲಾಂಟಾ ತಂಡ 1970ರಲ್ಲಿ ಆತನನ್ನು ಆರಿಸಿಕೊಂಡಿತು. ಆದರೆ ಇಟಲಿಯ ಒಪ್ಪಂದದಿಂದ ಬಿಡಿಸಿಕೊಳ್ಳಲು ತೆರಬೇಕಾಗಿದ್ದ ಹಣವನ್ನು ಅದು ತೆರಲಿಲ್ಲ. ಹೊಸ್ತಿಲವರೆಗೆ ಬಂದ ಭಾಗ್ಯ ಒಳಗೆ ಕಾಲಿಡಲಿಲ್ಲ. ಆ ಹೊಸ್ತಿಲನ್ನು ಮೊದಲು ದಾಟಿದ ಮೆಕ್ಸಿಕನ್ ಒರಾಸಿಯೊ ಲ್ಯಾಮಾಸ್. ಆತ ಫೀನಿಕ್ಸ್ ತಂಡದ ಪರವಾಗಿ ಕಣಕ್ಕಿಳಿದದ್ದು 1997ರಲ್ಲಿ. ನಡುವೆ ಸಂದುಹೋದದ್ದು ಇಪ್ಪತ್ತೇಳು ವರ್ಷ!

ಎರಡು ದೇಶಗಳ ಗಡಿ ಒಂದೇ, ಆಟವೂ ಒಂದೇ, ಆದರೂ ದಾರಿ ಇಷ್ಟು ದೂರ. ಒಬ್ಬೊಬ್ಬನೇ ಆಟಗಾರ ಪ್ರಯಾಸದಿಂದ ನಡೆದ ಈ ದಾರಿಯಲ್ಲಿ ಇಡೀ ತಂಡವೇ ನಡೆಯಲು ಹೊರಟದ್ದು ಕಾಪಿತಾನೆಸ್‌ನ ಹೆಗ್ಗಳಿಕೆ.

ಮೆಕ್ಸಿಕೊದ ರಾಷ್ಟ್ರೀಯ ವೃತ್ತಿಪರ ಲೀಗು 2000ದಲ್ಲಿ ಸ್ಥಾಪನೆಯಾಯಿತು. ಕಾಪಿತಾನೆಸ್ ಅದರಲ್ಲಿ ಆಡತೊಡಗಿದ್ದು 2017ರಲ್ಲಿ. ಅದಕ್ಕೆ ದೊರೆತ ಅಂಗಳ 1968ರ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಪಂದ್ಯಗಳು ನಡೆದಿದ್ದ ಹ್ವಾನ್ ದೆ ಲಾ ಬರ್ರೇರಾ ಕ್ರೀಡಾಮಂದಿರ. ಮೊದಲ ಎರಡು ಋತುಗಳಲ್ಲಿಯೂ ಈ ಎಳೆಯ ತಂಡ ಅಂತಿಮ ಘಟ್ಟವನ್ನು ಮುಟ್ಟಿತು. ಎರಡು ಬಾರಿಯೂ ಸೋತಿತು. ಒಮ್ಮೆ ಗೆದ್ದದ್ದು ಮೆಹಿಕಾಲಿಯ ಸೋಲೆಸ್, ಇನ್ನೊಮ್ಮೆ ಮೊಂಟೆರೇಯ ಫುಯೆರ್ಸಾ ರೆಹಿಯಾ. ಕಿರೀಟ ಕೈಗೆ ಬರಲಿಲ್ಲ. ಆದರೆ ರಾಜಧಾನಿಯ ಜನಕ್ಕೆ ತಮ್ಮದೆನ್ನಲು ಒಂದು ತಂಡ ದೊರೆಯಿತು.

1919ರಲ್ಲಲ್ಲ, ನೂರು ವರ್ಷಗಳ ಅನಂತರ, 2019ರ ಡಿಸೆಂಬರಿನಲ್ಲಿ ಎನ್.ಬಿ.ಎ.ಯ ಮುಖ್ಯಸ್ಥ ಆಡಂ ಸಿಲ್ವರ್ ಮೆಕ್ಸಿಕೊ ನಗರದಲ್ಲಿಯೇ ಒಂದು ಘೋಷಣೆ ಮಾಡಿದರು: ಎನ್.ಬಿ.ಎ.ಗೆ ಆಟಗಾರರನ್ನು ಸಿದ್ಧಗೊಳಿಸುವ ‘ಜಿ ಲೀಗ್’ ಎಂಬ ಕಿರಿಯ ಲೀಗಿಗೆ ಕಾಪಿತಾನೆಸ್ ಸೇರಲಿದೆ, ಕನಿಷ್ಠ ಐದು ಋತು ಆಡಲಿದೆ. ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳ ಹೊರಗಿನಿಂದ ಆ ಲೀಗಿಗೆ ಬಂದ ಪ್ರಥಮ ತಂಡ ಇದು.

ಸಂತೋಷದ ಬೆನ್ನಿಗೇ ವಿಘ್ನ ಕಾದಿತ್ತು. 2020ರಲ್ಲಿ ಜಗತ್ತನ್ನೆಲ್ಲ ಕಾಡಿದ ಕೋವಿಡ್ ಮಹಾಮಾರಿ ಗಡಿಗಳಿಗೆ ಬೀಗ ಹಾಕಿತು. ಒಂದು ಋತು ಕಾಯುವುದರಲ್ಲಿಯೇ ಕಳೆಯಿತು. 2021ರಲ್ಲಿ ತಂಡ ಕಣಕ್ಕಿಳಿದದ್ದೇನೋ ನಿಜ. ಆದರೆ ಬಿಡಾರ ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ಪಟ್ಟಣದಲ್ಲಿ. ಲೀಗಿನ ಪೂರ್ವಾರ್ಧದಲ್ಲಿ ಮಾತ್ರ ಅವಕಾಶ. ಆಡಿದ್ದೆಲ್ಲ ಎದುರಾಳಿಗಳ ಊರಿನಲ್ಲಿ. ಕಳೆದುಕೊಂಡದ್ದು ಚಪ್ಪಾಳೆಯನ್ನು ಮಾತ್ರವಲ್ಲ. ಮೆಕ್ಸಿಕೊ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 7,350 ಅಡಿ ಮೇಲೆ, ಅಂದರೆ ಉದಕಮಂಡಲದಷ್ಟೇ ಎತ್ತರದಲ್ಲಿ. ಅಲ್ಲಿಯ ತೆಳುಗಾಳಿಯಲ್ಲಿ ಓಡಿ ಅಭ್ಯಾಸವಿಲ್ಲದವರಿಗೆ ಬೇಗನೆ ಏದುಸಿರು ಹತ್ತುತ್ತದೆ. ತವರಿನ ಗಾಳಿಯೇ ಕೊಡಬಹುದಾಗಿದ್ದ ಆ ನೆರವೂ ತಪ್ಪಿಹೋಯಿತು.

ಇಂತಹ ಲೀಗಿನಲ್ಲಿ ಇನ್ನೊಂದು ಬಗೆಯ ನೋವೂ ಉಂಟು. ಚೆನ್ನಾಗಿ ಆಡಿದವನನ್ನು ಮೇಲಿನ ಲೀಗು ಋತುವಿನ ನಡುವೆಯೇ ಕರೆದುಕೊಳ್ಳುತ್ತದೆ. ಆ ಡಿಸೆಂಬರಿನಲ್ಲಿಯೇ ಅಲ್ಫಾನ್ಸೊ ಮೆಕಿನಿ ಎಂಬ ಆಟಗಾರನಿಗೆ ಷಿಕಾಗೋ ತಂಡದಿಂದ ಕರೆ ಬಂದಿತು. ಮಗಳನ್ನು ಒಳ್ಳೆಯ ಮನೆಗೆ ಕೊಟ್ಟ ತಾಯ್ತಂದೆಯರ ಸ್ಥಿತಿ ಇದು: ಹೆಮ್ಮೆಯಿಂದ ಕಳುಹಿಸಬೇಕು, ಬರಿದಾದ ಮನೆಗೆ ಹಿಂದಿರುಗಬೇಕು. ಕಾಪಿತಾನೆಸ್‌ಗಾದರೋ ಹಿಂದಿರುಗಲು ಮನೆಯೂ ಇರಲಿಲ್ಲ.

ಮನೆ ದೊರೆತದ್ದು 2022ರ ನವೆಂಬರಿನಲ್ಲಿ. ಸುಮಾರು 22,000 ಜನ ಹಿಡಿಯುವ ಮೆಕ್ಸಿಕೊ ನಗರದ ‘ಅರೇನಾ’ ಎಂಬ ವಿಶಾಲ ಮಂದಿರದಲ್ಲಿ ಕಾಪಿತಾನೆಸ್ ಹೊಸ ಲೀಗಿನ ಮೊದಲ ತವರು ಪಂದ್ಯವನ್ನು ಆಡಿತು. ಈ ಮಂದಿರಕ್ಕೂ ಒಂದು ನಿರಾಶೆಯ ನೆನಪಿತ್ತು. 2013ರ ಡಿಸೆಂಬರಿನಲ್ಲಿ ಸ್ಯಾನ್ ಆಂಟೋನಿಯೊ ಮತ್ತು ಮಿನ್ನೆಸೋಟಾ ತಂಡಗಳ ಎನ್.ಬಿ.ಎ. ಪಂದ್ಯ ಇಲ್ಲಿಯೇ ನಡೆಯಬೇಕಾಗಿತ್ತು. ವಿದ್ಯುತ್ ಯಂತ್ರವೊಂದರಿಂದ ಎದ್ದ ಹೊಗೆ ಒಳಗೆಲ್ಲ ತುಂಬಿ ಪಂದ್ಯವೇ ರದ್ದಾಯಿತು. ಅಂದು ಅತಿಥಿಗಳು ಬಂದ ದಾರಿಗೆ ಸುಂಕವಿಲ್ಲದಂತೆ ಹಿಂದಿರುಗಿದರು. ಈ ಬಾರಿ ಬಂದವರು ಅತಿಥಿಗಳಲ್ಲ, ಮನೆಯವರು.

ಈ ಪ್ರಯಾಣದಿಂದ ಲಾಭವೊಂದೇ ಆಯಿತೆನ್ನಲಾಗದು. ಹೊಸ ಲೀಗನ್ನು ಸೇರಿದ ತಂಡ ಮೆಹಿಕಾಲಿ, ಮೊಂಟೆರೇಗಳೊಡನೆ ಇದ್ದ ಹಳೆಯ ಪೈಪೋಟಿಯನ್ನು ಬಿಟ್ಟುಕೊಡಬೇಕಾಯಿತು. ಆ ಎರಡು ಸೋಲುಗಳ ಸಾಲ ತೀರದೆಯೇ ಉಳಿಯಿತು. ಆದರೆ ರಾಗಾ ಹೊಸ್ತಿಲಿನಲ್ಲಿ ನಿಂತು ಹಿಂದಿರುಗಿದ ಕಾಲಕ್ಕೂ ಈ ಕಾಲಕ್ಕೂ ಒಂದು ಅಂತರವಿದೆ. ಅಂದು ದೊಡ್ಡ ಆಟವನ್ನು ಅರಸಿ ಮೆಕ್ಸಿಕೊದ ಹುಡುಗ ಕಡಲಾಚೆ ಹೋಗಬೇಕಾಗಿತ್ತು. ಇಂದು ಆತ ತನ್ನ ಊರಿನ ಮಂದಿರದ ಮೆಟ್ಟಿಲ ಮೇಲೆ ಕುಳಿತೇ ಆ ದಾರಿಯ ಮೊದಲ ಹೆಜ್ಜೆಯನ್ನು ಕಾಣಬಲ್ಲ. ದೂರದ ಗುರಿಯನ್ನು ಮನೆಯ ಹತ್ತಿರಕ್ಕೆ ತಂದವರನ್ನು ನಾಯಕರೆಂದರೆ ತಪ್ಪೇನು?